ಅಕ್ಕ ಬಿಗಿಯಾಗಿ ಕಟ್ಟಿದ ಹಾರ

ನಾನು ಚಿಕ್ಕವಳಿದ್ದಾಗ ನಮ್ಮ ಸಾರಕ್ಕಿ ಇನ್ನೂ ಹಳ್ಳಿಯಾಗಿತ್ತು. ಈಗ ನಿಮ್ಮ ಸ್ಕೂಲ್ ವ್ಯಾನು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತದಲ್ಲ, ಅಲ್ಲೆಲ್ಲ ರಾಗಿ ಹೊಲಗಳಿದ್ದವು. ಕೆರೆಯ ಕೆಳಗೆ ನಮ್ಮ ಹೂವಿನ ತೋಟ. ಸೇವಂತಿಗೆ, ಕನಕಾಂಬರ, ಮಲ್ಲಿಗೆ, ಬದುವಿನ ಮೇಲೆ ಮರುಗ. ಬೆಳಗಿನ ಜಾವ ಅಪ್ಪ, ಅಮ್ಮ ಹೂ ಬಿಡಿಸಿಕೊಂಡು ಬಂದರೆ ಮನೆಯ ಮೂಲೆ ಮೂಲೆಯೂ ಘಮ್ಮೆನ್ನುತ್ತಿತ್ತು. ನನ್ನ ಪುಸ್ತಕದ ಚೀಲಕ್ಕೂ ಮರುಗದ ವಾಸನೆ. ಮೈಮೇಲೆ ಒಳ್ಳೆಯ ಲಂಗ ಇಲ್ಲದ ದಿನ ಇತ್ತು, ತಲೆಯಲ್ಲಿ ಹೂವಿಲ್ಲದ ದಿನ ಇರಲಿಲ್ಲ. ಅದೂ ದೇವರು ಕೊಟ್ಟ ಭಾಗ್ಯವೇ.

ಅಜ್ಜಿ, ಎಂದರೆ ಅಪ್ಪನ ತಾಯಿ, ದಿನವೂ ಬುಟ್ಟಿ ಹೊತ್ತು ಸಿದ್ದಾಪುರದವರೆಗೆ ನಡೆದು ಹೂ ಮಾರಿ ಬರುತ್ತಿದ್ದಳು. ಅಕ್ಕನಿಗೆ ಹೂ ಕಟ್ಟುವ ಕೆಲಸ. ಮನೆಯಲ್ಲಿ ಕೈ ಸಾಲದೆಂದು ಅವಳ ಓದು ಬೇಗನೆ ನಿಂತಿತ್ತು. ಒದ್ದೆ ಬಾಳೆನಾರು ಅವಳ ಬೆರಳಿಗೆ ಸಿಕ್ಕಿದರೆ ಸಾಕು, ಕಣ್ಣು ಎಲ್ಲೋ ಇರುತ್ತಿತ್ತು, ಕೈ ಮಾತ್ರ ಸರಸರ ಓಡುತ್ತಿತ್ತು. ಅವಳು ಕಟ್ಟಿದ ಹಾರ ಎಷ್ಟು ಗಟ್ಟಿ ಎಂದರೆ, ಅದನ್ನು ಮರಕ್ಕೆ ಕಟ್ಟಿ ಜೋಕಾಲಿ ಆಡಬಹುದು ಎಂದು ಊರಿನವರು ತಮಾಷೆ ಮಾಡುತ್ತಿದ್ದರು.

ಊರಿನ ಶಾಲೆಯ ಕೊನೆಯ ತರಗತಿಯಲ್ಲಿ ನಾನು ಪಾಸಾದೆ. ಮುಂದೆ ಓದಬೇಕೆಂದರೆ ಜಯನಗರದ ಹೈಸ್ಕೂಲಿಗೇ ಹೋಗಬೇಕು. ಅಪ್ಪ ನನ್ನನ್ನು ಕರೆದುಕೊಂಡು ಹೋದ. ಅಲ್ಲಿನ ಹೆಡ್‌ಮಿಸ್ ನನ್ನಿಂದ ಒಂದು ಪಾಠ ಓದಿಸಿ ತಲೆದೂಗಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಹುಡುಗಿ ಚೆನ್ನಾಗಿ ಓದ್ತಾಳೆ. ಆದ್ರೆ ಸಾರಕ್ಕಿಯಿಂದ ಹೊಲದ ದಾರೀಲಿ ಹೆಣ್ಮಗು ಒಂದೇ ನಡ್ಕೊಂಡು ಬರೋದು ನಂಗೆ ಒಪ್ಪಿಗೆ ಇಲ್ಲ. ಹೀಗೇ ಬರ್ತಿದ್ದವ್ರು ಮಳೆ ಶುರುವಾದ ಕೂಡ್ಲೆ ಬಿಟ್ಬಿಟ್ರು. ಹತ್ತಿರದಲ್ಲಿ ಮನೆ ಮಾಡಿ, ಸೋಮವಾರದೊಳಗೆ ಬಂದು ಹೇಳಿ. ಅಲ್ಲೀವರೆಗೂ ಸೀಟು ಇಟ್ಟಿರ್ತೀನಿ" ಅಂದರು.

ಅಪ್ಪ ಜಯನಗರದಲ್ಲಿ ಒಬ್ಬರ ಮನೆಯ ಹಿಂಭಾಗವನ್ನು ಬಾಡಿಗೆಗೆ ನೋಡಿ ಬಂದ. ಮಾರನೆಯ ದಿನ ಅಮ್ಮನನ್ನೂ ಕರೆದುಕೊಂಡು ಹೋಗಿ ತೋರಿಸಿದ. ಆ ಮನೆಗೆ ಕರೆಂಟ್ ದೀಪ ಇತ್ತು, ಹಿತ್ತಿಲಲ್ಲಿ ನಲ್ಲಿ ಇತ್ತು. ಹುಟ್ಟಿದಾಗಿನಿಂದ ಬಾವಿ ಸೇದಿದ್ದ ಅಮ್ಮ ಆ ನಲ್ಲಿಯನ್ನು ತಿರುಗಿಸಿ ಕೈ ತೊಳೆದಳಂತೆ, ಮುಖ ತೊಳೆದಳಂತೆ, ಕೊನೆಗೆ ಏನೂ ಉಳಿಯದೆ ಚಪ್ಪಲಿ ತೊಳೆದಳಂತೆ. ಮನೆಗೆ ಬಂದ ಮೇಲೂ ಅದೇ ಮಾತು.

ಅಜ್ಜಿಗೆ ಕೋಪ ಬಂತು. "ನಲ್ಲಿ ತಿರುಗ್ಸೋ ಚೆಂದಕ್ಕೆ ಮನೆ ಬಿಡ್ಬೇಕಾ? ಹಸೂನ ಎಲ್ಲಿ ಕಟ್ತೀಯ, ಆ ನಲ್ಲಿಗಾ?"

ಅಜ್ಜಿಯ ಸಂಕಟ ಹಸುವಿನದೊಂದೇ ಅಲ್ಲ. ಶುಕ್ರವಾರ ಊರಮ್ಮನ ಗುಡಿಯಲ್ಲಿ ದೀಪ ಹಚ್ಚುವುದು ನಮ್ಮ ಮನೆಯ ಹೆಂಗಸರ ಪಾಲಿಗೆ ಬಂದ ಸೇವೆ. ಅಜ್ಜಿಗೆ ಅದನ್ನು ಅವಳ ಅತ್ತೆ ಒಪ್ಪಿಸಿ ಹೋಗಿದ್ದಳು. ಊರು ಬಿಟ್ಟರೆ ದೀಪ ಯಾರು ಹಚ್ಚುವುದು? ಇತ್ತ ಅಮ್ಮನ ಆಸೆ, ಅತ್ತ ಅಜ್ಜಿಯ ಹಟ, ನಡುವೆ ಅಪ್ಪ ಊಟದ ತಟ್ಟೆ ನೋಡುತ್ತ ಕೂತಿದ್ದ. ನಾನು ಕಂಬಕ್ಕೆ ಒರಗಿ ಕೇಳಿಸಿಕೊಳ್ಳುತ್ತಿದ್ದೆ. ಹೈಸ್ಕೂಲಿನ ಅಂಗಳ, ಎರಡು ಜಡೆ ಹಾಕಿಕೊಂಡಿದ್ದ ಅಲ್ಲಿನ ಹುಡುಗಿಯರು, ಎಲ್ಲವೂ ಕಣ್ಣೆದುರಿಗೇ ದೂರ ಹೋಗುತ್ತಿದ್ದ ಹಾಗೆ ಅನ್ನಿಸಿತು.

ಕೊನೆಗೆ ಅಪ್ಪ, "ಶುಕ್ರವಾರ ಊರಮ್ಮನ್ನೇ ಕೇಳೋಣ" ಅಂದ. ಅಜ್ಜಿಯೂ ಅಮ್ಮನೂ ಒಟ್ಟಿಗೆ "ಹೂಂ" ಅಂದರು. ಆ ವಾರ ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು.

ಊರಮ್ಮನನ್ನು ಕೇಳುವುದು ಎಂದರೆ ಹೀಗೆ, ಮಕ್ಕಳೇ. ದೇವಿಗೆ ಹೂ ಮುಡಿಸಿ, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು, ಕೈಮುಗಿದು ಕೂರುವುದು. ಬಲಗಡೆಯಿಂದ ಹೂ ಬಿದ್ದರೆ ಒಪ್ಪಿಗೆ. ಎಡಗಡೆಯಿಂದ ಬಿದ್ದರೆ ಬೇಡ ಎಂದು ಅರ್ಥ. ಆಮೇಲೆ ಮರುಮಾತಿಲ್ಲ.

ಶುಕ್ರವಾರ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅಕ್ಕ ಹಳದಿ ಸೇವಂತಿಗೆಯ ಹಾರ ಕಟ್ಟುತ್ತ ಕೂತಿದ್ದಳು. ತಲೆ ಎತ್ತದೆ ತುಟಿ ಕಚ್ಚಿಕೊಂಡಿದ್ದಳು. ಎಲ್ಲರೂ ತಲೆಗೆ ಸ್ನಾನ ಮಾಡಿ, ಏನೂ ತಿನ್ನದೆ ಗುಡಿಗೆ ಹೋದೆವು. ಪೂಜಾರಪ್ಪ ಹಾರವನ್ನು ದೇವಿಗೆ ಹಾಕಿದರು. ಅಪ್ಪ ಕೈಮುಗಿದು, "ತಾಯಿ, ಮನೆ ಬಿಟ್ಟು ಜಯನಗರಕ್ಕೆ ಹೋಗೋದಾ, ಬೇಡ್ವಾ, ನೀನೇ ಹೇಳು" ಎಂದು ಕೇಳಿಕೊಂಡ.

ಕೂತೆವು. ಎಳ್ಳೆಣ್ಣೆ ದೀಪದ ಹೊಗೆ, ಕರ್ಪೂರದ ವಾಸನೆ, ಕಾಲಿಗೆ ತಣ್ಣನೆಯ ಕಲ್ಲು. ನನ್ನ ಕಣ್ಣು ಒಮ್ಮೆ ದೇವಿಯ ಬಲಕ್ಕೆ, ಒಮ್ಮೆ ಎಡಕ್ಕೆ. ಹೂ ಅಲ್ಲಾಡಲಿಲ್ಲ. ಪೂಜಾರಪ್ಪ ಮತ್ತೆ ಮಂಗಳಾರತಿ ಮಾಡಿದರು, ಗಂಟೆ ಜೋರಾಗಿ ಹೊಡೆದರು. ಹೂ ಅಲ್ಲಾಡಲಿಲ್ಲ. ಹೊರಗೆ ಬಿಸಿಲು ಏರಿತು. ಒಂದು ಮೇಕೆ ಬಾಗಿಲಲ್ಲಿ ಇಣುಕಿ, ನಮ್ಮನ್ನೆಲ್ಲ ಒಂದು ಸುತ್ತು ನೋಡಿ ಹೋಯಿತು. ನನ್ನ ಹೊಟ್ಟೆ ಗುರ್ರೆಂದ ಸದ್ದು ಗುಡಿಗೆಲ್ಲ ಕೇಳಿಸಿತು.

ಪೂಜಾರಪ್ಪನಿಗೂ ಅನುಮಾನ ಬಂತು. ಬಗ್ಗಿ ನೋಡಿದರು, ಹಾರವನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಯಾರಮ್ಮ ಇದನ್ನ ಕಟ್ಟಿದ್ದು? ಊರಮ್ಮನೇ ಕೊಡ್ತೀನಿ ಅಂದ್ರೂ ಒಂದೆಸಳು ಕೀಳೋಕಾಗಲ್ವಲ್ಲ" ಅಂದರು.

ಎಲ್ಲರೂ ಅಕ್ಕನ ಕಡೆ ತಿರುಗಿದೆವು. ಅಕ್ಕನ ಕಣ್ಣಲ್ಲಿ ನೀರು. "ಎಡಗಡೆ ಬಿದ್ಬಿಟ್ರೆ ಇವಳ ಓದು ನಿಂತೋಗತ್ತೆ ಅಂತ ಭಯ ಆಯ್ತು. ಅದಕ್ಕೇ ಎಡಗಡೆ ಭಾಗ ಬಿಗಿ ಮಾಡ್ದೆ" ಅಂದಳು.

"ಬಲಗಡೆನೂ ಅಷ್ಟೇ ಬಿಗಿ ಇದೆಯಲ್ಲಮ್ಮ?"

"ಅದು ಕೈಗೆ ಅಭ್ಯಾಸ ಆಗೋಗಿದೆ, ಪೂಜಾರಪ್ಪ. ಸಡಿಲ ಕಟ್ಟೋಕೆ ಬರಲ್ಲ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಗುಡಿಯ ಸೂರು ನೋಡಿದ. ಮೊದಲು ನಕ್ಕಿದ್ದು ಪೂಜಾರಪ್ಪನೇ, ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಅಜ್ಜಿ ಮಾತ್ರ ನಗಲಿಲ್ಲ. ಅಕ್ಕನ ಕೈ ಹಿಡಿದುಕೊಂಡು, ನಾರಿನ ಕಲೆ ಕಟ್ಟಿದ್ದ ಆ ಬೆರಳುಗಳನ್ನು ನೋಡಿದಳು.

"ನಿಂಗೂ ಓದೋ ಆಸೆ ಇತ್ತೇನೇ?"

"ಇತ್ತಜ್ಜಿ" ಅಂದಳು ಅಕ್ಕ.

ಅಜ್ಜಿ ಎದ್ದು ನಿಂತಳು. "ಪೂಜಾರಪ್ಪ, ಹಾರ ತೆಗ್ದು, ಬಿಡಿ ಹೂ ಇಡಿ. ನಾವು ಕೇಳಿದ್ದೇ ಸರಿ ಇಲ್ಲ. ಮನೆ ಬಿಡೋದಾ ಅಂತ ಕೇಳಿದ್ವಿ. ಮಗು ಓದ್ಬೇಕಾ ಅಂತ ಯಾರೂ ಕೇಳ್ಲೇ ಇಲ್ಲ" ಅಂದಳು.

ಪೂಜಾರಪ್ಪ ಎರಡು ಸೇವಂತಿಗೆಯನ್ನು ನೀರಿನಲ್ಲಿ ಅದ್ದಿ, ದೇವಿಯ ಎರಡೂ ಭುಜಕ್ಕೆ ಅಂಟಿಸಿದರು. ಈ ಸಲ ಅಜ್ಜಿಯೇ ಕೇಳಿಕೊಂಡಳು, ತುಟಿ ಅಲ್ಲಾಡಿದ್ದು ಮಾತ್ರ ಕಾಣಿಸಿತು. ಎಡಗಡೆಯ ಹೂ ಸ್ವಲ್ಪ ಜಾರಿತು. ಅಕ್ಕ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಚುಚ್ಚಿತು. ಜಾರಿದ ಹೂ ಅಲ್ಲೇ ನಿಂತಿತು. ಬಲಗಡೆಯದು ಟಪ್ಪನೆ ದೇವಿಯ ಪಾದದ ಹತ್ತಿರ ಬಿತ್ತು.

ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಜಡೆಗೆ ಮುಡಿಸಿದಳು. "ಊರಮ್ಮ ಹೂಂ ಅಂದ್ಲು. ಹೆಂಗೆ ಕಳ್ಸೋದು ಅನ್ನೋದು ನಮ್ಮ ತಲೆನೋವು, ಅದನ್ನೂ ಅವಳ ಮೇಲೆ ಹಾಕೋದು ಬೇಡ. ನಾನು ದಿನಾ ಜಯನಗರ ದಾಟೇ ಸಿದ್ದಾಪುರಕ್ಕೆ ಹೋಗೋದು. ಇವಳನ್ನೂ ಕರ್ಕೊಂಡು ಹೋಗ್ತೀನಿ."

"ನೀನು ಬೆಳಕು ಹರಿಯೋ ಮುಂಚೆ ಹೋಗ್ತೀಯವ್ವ, ಸ್ಕೂಲು ಹತ್ತು ಗಂಟೆಗೆ. ಹೂ ಬಾಡೋಗಲ್ವಾ?" ಅಂದ ಅಪ್ಪ.

"ಒದ್ದೆ ಬಟ್ಟೆ ಹೊದಿಸ್ತೀನಿ. ಜಯನಗರದ ಹೆಂಗಸ್ರೂ ಹೂ ಮುಡೀತಾರೆ, ಅಲ್ಲೇ ಮಾರ್ತೀನಿ. ಸ್ಕೂಲ್ ಬಿಡೋವರ್ಗೂ ಮರದ ಕೆಳಗೆ ಕೂತ್ಕೊಂಡು ಹೂ ಕಟ್ತೀನಿ, ಬಿಟ್ಮೇಲೆ ಕೈ ಹಿಡ್ಕೊಂಡು ಬರ್ತೀನಿ."

ಸೋಮವಾರ ಅಜ್ಜಿ ಬುಟ್ಟಿ ಸಮೇತ ಹೆಡ್‌ಮಿಸ್ ಎದುರಿಗೆ ನಿಂತಳು. "ಮಳೆ ಬಂದ್ರೆ ಏನ್ಮಾಡ್ತೀರ ಅಜ್ಜಿ?" ಎಂದು ಅವರು ಕೇಳಿದರು. "ಬುಟ್ಟಿ ಇದೆಯಲ್ಲವ್ವ, ಇವಳ ತಲೆ ಮೇಲೆ ಬೋರಲು ಹಾಕ್ತೀನಿ" ಅಂದಳು ಅಜ್ಜಿ. ಹೆಡ್‌ಮಿಸ್ ನಕ್ಕು ನನ್ನ ಹೆಸರು ಬರೆದುಕೊಂಡರು, ಒಂದು ಮೊಳ ಮಲ್ಲಿಗೆಯನ್ನೂ ಕೊಂಡರು.

ಹೀಗೆ ನಾವು ಮನೆ ಬದಲಾಯಿಸಲಿಲ್ಲ. ಅಮ್ಮ ಎರಡು ದಿನ ಸಪ್ಪಗಿದ್ದಳು. ಎಷ್ಟೋ ವರ್ಷಗಳ ಮೇಲೆ ನಮ್ಮ ಬೀದಿಗೂ ನಲ್ಲಿ ಬಂದಾಗ, ನೀರು ಹಿಡಿಯುವ ಮೊದಲು ಅದಕ್ಕೆ ಅರಿಶಿನ ಕುಂಕುಮ ಇಟ್ಟು ಕೈಮುಗಿದಳು. ಅಜ್ಜಿಯ ಶುಕ್ರವಾರದ ದೀಪ ತಪ್ಪಲಿಲ್ಲ. ದಿನವೂ ಸಂಜೆ ನಾನು ಜೋರಾಗಿ ಪಾಠ ಓದುತ್ತಿದ್ದೆ, ಅಕ್ಕ ಹೂ ಕಟ್ಟುತ್ತ ಕೇಳುತ್ತಿದ್ದಳು. ನಾನು ತಡವರಿಸಿದರೆ ಮುಂದಿನ ಸಾಲನ್ನು ಅವಳೇ ಹೇಳಿಬಿಡುತ್ತಿದ್ದಳು.

ಈಗ ಆ ಹೊಲದ ದಾರಿ ಎಲ್ಲಿತ್ತೆಂದು ನನಗೇ ಗುರುತು ಸಿಗುವುದಿಲ್ಲ. ನಿಮ್ಮ ವ್ಯಾನು ಯಾವ ತಿರುವಿನಲ್ಲಿದೆ ಎಂದು ಫೋನೇ ಹೇಳುತ್ತದೆ, ಮರದ ಕೆಳಗೆ ಯಾರೂ ಕಾಯಬೇಕಾಗಿಲ್ಲ. ಅದೂ ಒಳ್ಳೆಯದೇ. ನಿಮ್ಮ ಅಪ್ಪ ಅಮ್ಮ ಒಳ್ಳೆಯ ಹೈಸ್ಕೂಲಿನ ಹತ್ತಿರ ಮನೆ ಮಾಡೋಣ ಎಂದು ರಾತ್ರಿ ಊಟಕ್ಕೆ ಕೂತಾಗ ಮಾತಾಡುತ್ತಾರೆ. ಅದೇ ತಟ್ಟೆ ನೋಡುವುದು, ನಿಟ್ಟುಸಿರು ಬಿಡುವುದು. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಬಂದು, "ಅಜ್ಜಿ, ನಾವೂ ಹೂ ಕೇಳೋಣ್ವಾ?" ಅಂದಳು. "ಕೇಳೋಣ ಪುಟ್ಟಿ. ಆದ್ರೆ ಏನಂತ ಕೇಳ್ಬೇಕು, ಮೊದ್ಲು ನೀನು ಹೇಳು" ಅಂದೆ. ಯೋಚಿಸಿ ಹೇಳುತ್ತೇನೆ ಎಂದು ಓಡಿದ್ದಾಳೆ.

ನಾಳೆ ಶುಕ್ರವಾರ. ಸೇವಂತಿಗೆ ತಂದಿಟ್ಟಿದ್ದೇನೆ. ಬಿಡಿ ಹೂವೇ.