ಹೆದರಿಕೆ ಇಳಿಸುವ ದೊಮ್ನಿಕಾ

ಪ್ರುತ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಶಾಲೆಯ ಬಸ್ಸು ನಿಲ್ಲುವ ಬಾವಿಕಟ್ಟೆಯ ಬಳಿ ದೊಮ್ನಿಕಾ ಕೈ ಉಜ್ಜಿಕೊಳ್ಳುತ್ತ ನಿಂತಿದ್ದಾರೆ. ಪಕ್ಕದಲ್ಲಿ ಎಂಟು ವರ್ಷದ ಇಲಿಂಕಾ. ಅಜ್ಜಿ ಗ್ಲಾಫಿರಾ ಇವತ್ತು ಜೊತೆಗಿಲ್ಲ. ಮನೆಯಲ್ಲೇ ಉಳಿಯಲಿ ಎಂದು ಮೂವರೂ ಕೂತು ಮಾತಾಡಿಕೊಂಡಿದ್ದಾರೆ.

"ಅತ್ತೆ, ನಾನು ವಾಪಸ್ ಬರೋಷ್ಟ್ರಲ್ಲಿ ಅಜ್ಜಿನೂ ಹೊರಟುಹೋಗಿದ್ರೆ?"

"ಹೋಗಿರ್ತಾರೆ ಅನ್ಸುತ್ತಾ ನಿಂಗೆ?"

"ಹೊಟ್ಟೇಲಿ ಅನ್ಸುತ್ತೆ. ತಲೇಲಿ ಅನ್ಸಲ್ಲ."

"ಹಾಗಾದ್ರೆ ಆ ಹೊಟ್ಟೆನೂ ಕರ್ಕೊಂಡು ಬಸ್ ಹತ್ತು."

ಇಲಿಂಕಾ ಹತ್ತುತ್ತಾಳೆ. ತಿರುಗಿ ನೋಡುವುದಿಲ್ಲ.

ಆಕೆಯ ತಾಯಿ ವಿಯೊರಿಕಾ ಕಳೆದ ಚಳಿಗಾಲದಲ್ಲಿ ಇಟಲಿಗೆ, ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದರು. ಮಗಳ ಅಳು ನೋಡಲಾರದೆ, ಅವಳು ಶಾಲೆಯಲ್ಲಿದ್ದ ಹೊತ್ತಿನಲ್ಲೇ ಹೊರಟುಬಿಟ್ಟರು. ಮರುದಿನದಿಂದ ಹುಡುಗಿ ಶಾಲೆಯ ಮೆಟ್ಟಿಲು ತುಳಿಯಲಿಲ್ಲ. ಅಜ್ಜಿಯ ಏಪ್ರನ್ ಹಿಡಿದು ಕೋಳಿಗೂಡಿನವರೆಗೂ ಹಿಂಬಾಲಿಸತೊಡಗಿದಳು. ಅಜ್ಜಿ ಕರಗಿದ ಮೇಣವನ್ನು ನೀರಿಗೆ ಸುರಿದು ಹೆದರಿಕೆ ಇಳಿಸಿ ನೋಡಿದರು. ಇಳಿಯಲಿಲ್ಲ.

ಮೊದಲ ಸಲ ಇಲಿಂಕಾಳ ಮನೆಗೆ ಹೋದಾಗ ಅಜ್ಜಿಯಿಂದ ಬೈಸಿಕೊಂಡದ್ದನ್ನು ದೊಮ್ನಿಕಾ ನಗುತ್ತ ನನಗೆ ಹೇಳುತ್ತಾರೆ: "'ಮೇಣಕ್ಕೇ ಬಗ್ಗದ್ದು ನಿನ್ನ ಬಾಯಿಮಾತಿಗೆ ಬಗ್ಗುತ್ತಾ?' ಅಂದ್ಲು ಮುದುಕಿ."

ಹಿಂದೆ ಊರಿನ ದವಾಖಾನೆಯಲ್ಲಿ ದಾದಿಯಾಗಿದ್ದ ದೊಮ್ನಿಕಾ ಈಗ ಸುತ್ತಲಿನ ಏಳು ಹಳ್ಳಿಗಳಲ್ಲಿ ಹೀಗೆ ಹೆದರಿದ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಾರೆ. ಪಟ್ಟಣದ ಮನಶ್ಶಾಸ್ತ್ರಜ್ಞೆ ಕಲಿಸಿದ ಈ ಚಿಕಿತ್ಸೆ ಸಾವಿರಾರು ಮಕ್ಕಳಲ್ಲಿ ಪರೀಕ್ಷಿಸಿ ಫಲ ಕಂಡದ್ದು. ಮಗು ಭಯದಿಂದ ತಪ್ಪಿಸಿಕೊಳ್ಳದೆ ಸ್ವಲ್ಪಸ್ವಲ್ಪವಾಗಿ ಅದರ ಹತ್ತಿರ ಹೋಗಬೇಕು. ಅಜ್ಜಿ ಮೊದಲು ತರಗತಿಯ ಬಾಗಿಲಲ್ಲಿ ಕೂತರು, ಆಮೇಲೆ ಗೇಟಿನಲ್ಲಿ, ಆಮೇಲೆ ಬಸ್ ನಿಲ್ದಾಣದಲ್ಲಿ. ನಡುವೆ ಒಂದು ದಿನ ಮೊಮ್ಮಗಳ ಕಣ್ಣೀರಿಗೆ ಕರಗಿ ಮನೆಯಲ್ಲೇ ಉಳಿಸಿಕೊಂಡರು. ಭಯ ಮತ್ತೆ ಚಿಗುರಿತು. ಎಲ್ಲ ಮೊದಲಿನಿಂದ.

"ನಂಗೂ ಕರುಳು ಚುರ್ ಅನ್ನುತ್ತೆ," ಎನ್ನುತ್ತಾರೆ ದೊಮ್ನಿಕಾ. " ಆದ್ರೆ ನಾನು ಅಯ್ಯೋ ಪಾಪ ಅಂದ್ರೆ ಆ ಮಗು ಏಪ್ರನ್ ಹಿಡ್ಕೊಂಡೇ ದೊಡ್ಡೋಳಾಗ್ತಾಳೆ. ಇನ್ನೊಂದು, 'ಈಸ್ಟರಿಗೆ ಅಮ್ಮ ಬರ್ತಾಳೆ' ಅಂತ ಯಾರೂ ಸುಳ್ಳು ಹೇಳಬಾರದು. ಅದು ನನ್ನ ಕಟ್ಟಪ್ಪಣೆ."

ಸಂಜೆ ಇಲಿಂಕಾ ಅಜ್ಜಿಯ ಫೋನಿನಲ್ಲಿ ತಾಯಿಗೆ ಹೇಳುತ್ತಾಳೆ: "ಅಮ್ಮ, ಒಬ್ಬಳೇ ಹೋದೆ. ಅಳಲೇ ಇಲ್ಲ."

ಸ್ವಲ್ಪ ಹೊತ್ತಿಗೆ ದೊಮ್ನಿಕಾರ ಫೋನು ಬಡಿದುಕೊಳ್ಳುತ್ತದೆ. ವಿಯೊರಿಕಾ ಬಿಕ್ಕುತ್ತಿದ್ದಾರೆ. "ಅಕ್ಕಾ, ನನ್ನ ಮರೆತೇಬಿಟ್ಟಳಾ?"

"ಹುಚ್ಚಿ, ಹೋಗಿರೋದು ಹೆದರಿಕೆ. ನೀನು ಬೇಕು ಅನ್ನೋದು ಎಲ್ಲಿ ಹೋಗುತ್ತೆ? ಅದಕ್ಕೆ ನನ್ನ ಹತ್ರ ಮದ್ದಿಲ್ಲ. ಇದ್ದಿದ್ರೂ ಕೊಡ್ತಿರಲಿಲ್ಲ."

ಫೋನಿಟ್ಟು ಒಲೆಯ ಮೇಲಿನ ಮಮಲಿಗ, ಮೆಕ್ಕೆಜೋಳದ ಹಿಟ್ಟಿನ ಅಂಬಲಿ, ತಿರುವುತ್ತಾರೆ. ನಿಮಗೇನಾಸೆ ಎಂದು ಕೇಳುತ್ತೇನೆ. ಅವರ ಮಗಳೂ ಇಟಲಿಯಲ್ಲೇ ಇದ್ದಾಳೆ. ಅಲ್ಲೇ ಮದುವೆ, ಅಲ್ಲೇ ಹೆರಿಗೆ.

"ಮೊಮ್ಮಗನ್ನ ಒಂದು ಸಲ ಎತ್ಕೋಬೇಕು. ದಿನಾ ನೋಡ್ತೀನಿ, ನಗ್ತಾನೆ. ಆದ್ರೆ ಫೋನಲ್ಲಿ ಮಗುವಿನ ಭಾರ ಗೊತ್ತಾಗಲ್ಲ, ನೋಡಿ."