ಮಾನ್ವಿಯ ಟಪಾಲು

ನಮ್ಮ ಶಿಕ್ಷಣ ಸಂಸ್ಥೆಯ ರಾಯಚೂರಿನ ಹೆಡ್ಡಾಫೀಸಿನಲ್ಲಿ ನನ್ನನ್ನು ಟಪಾಲ್ ಬಾಯಿ ಎಂದು ಕರೆಯುತ್ತಿದ್ದರು. ಮುಖದ ಮುಂದಲ್ಲ, ಬೆನ್ನ ಹಿಂದೆ. ಆದರೆ ನನಗೆ ಕೇಳುವಷ್ಟು ಜೋರಾಗಿಯೇ. ಕೆಲಸ ಅಂಥದ್ದು. ರಾಯಚೂರು, ಮಾನ್ವಿ, ದೇವದುರ್ಗದ ನಮ್ಮ ಶಾಲೆಗಳ ಈಮೇಲೆಲ್ಲ ಹಾದುಹೋಗುವ ಯಂತ್ರವನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಹಳೆಯ ಕಂಪ್ಯೂಟರು. ಒಳಗೆ ಲಿನಕ್ಸ್, ಅದರ ಮೇಲೆ ಪೋಸ್ಟ್‌ಫಿಕ್ಸ್ ಎಂಬ ಟಪಾಲು ತಂತ್ರಾಂಶ. ಎರಡೂ ಪುಕ್ಕಟೆ. "ಪುಕ್ಕಟ್ ಸಿಕ್ಕಿದ್ದಕ್ಕ ಏನ್ ಕಿಮ್ಮತ್ತ ಅದರೀ" ಎಂದು ನಮ್ಮ ಮ್ಯಾನೇಜರು ಬಂದವರೆದುರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಲ್ಲೆಲ್ಲಿಯವರೋ ಕೂತು ಬರೆದು, ತಗೊಳ್ಳಿ, ಬಿಚ್ಚಿ ನೋಡಿ, ಬೇಕಾದಂತೆ ತಿದ್ದಿಕೊಳ್ಳಿ ಎಂದು ಲೋಕಕ್ಕೆ ಬಿಟ್ಟುಕೊಟ್ಟದ್ದು ಅದು. ಅದರ ಒಳಗನ್ನು ಓದಿ ಓದಿಯೇ ನಾನು ಈ ವಿದ್ಯೆ ಕಲಿತದ್ದು. ಇದನ್ನೆಲ್ಲ ಮ್ಯಾನೇಜರಿಗೆ ಹೇಳಿ ಏನು ಉಪಯೋಗ?

ಯಂತ್ರವಿಟ್ಟ ಕೋಣೆ ಮೊದಲು ಉಗ್ರಾಣವಾಗಿತ್ತು. ಕಿಟಕಿ ಇಲ್ಲ. ಕಚೇರಿಯ ಸುದ್ದಿ ಅಲ್ಲಿಗೆ ಬರುತ್ತಲೇ ಇರಲಿಲ್ಲ. ಯಾರಿಗೆ ಬಡ್ತಿ, ಯಾರ ಮಗಳ ಲಗ್ನ ಎಂಬುದೆಲ್ಲ ಪೇಢೆಯ ಖಾಲಿ ಡಬ್ಬ ಕಂಡಾಗ ನನಗೆ ಗೊತ್ತಾಗುತ್ತಿತ್ತು. ಊರು ಮಸರಕಲ್, ಅಲ್ಲಿ ಅಣ್ಣ ಅತ್ತಿಗೆ ತಮ್ಮ ಸಂಸಾರದಲ್ಲಿದ್ದಾರೆ. ನಾನು ಮದುವೆಯಾಗಲಿಲ್ಲ. ರಾಯಚೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ದಿನಾ ಬೆಳಿಗ್ಗೆ ನನಗೆ ಬರುವ ಈಮೇಲ್ ಆ ಯಂತ್ರ ತಾನೇ ಕಳಿಸಿದ್ದು: ಡಿಸ್ಕಿನಲ್ಲಿ ಜಾಗ ಇದೆ, ದಾರಿಯಲ್ಲಿ ನಿಂತ ಪತ್ರ ಯಾವುದೂ ಇಲ್ಲ. ಥೂ, ಎಂಥ ಬದುಕಪ್ಪಾ ಇದು, ನನ್ನ ಜೊತೆ ಮಾತಾಡಲು ಒಂದು ಕಬ್ಬಿಣದ ಡಬ್ಬಿ ಎಂದು ಒಮ್ಮೊಮ್ಮೆ ಗಟ್ಟಿಯಾಗಿಯೇ ಅಂದುಬಿಡುತ್ತಿದ್ದೆ.

ಹಾಗಿರುವಾಗ ಮಾನ್ವಿಯಿಂದ ಒಂದು ಪತ್ರ ಬಂತು. ಟಪಾಲು ಯಂತ್ರ ಎಲ್ಲೇ ಇರಲಿ, ಅಲ್ಲಿ 'ಪೋಸ್ಟ್‌ಮಾಸ್ಟರ್' ಎಂಬ ಒಂದು ವಿಳಾಸ ಇರಲೇಬೇಕೆಂಬುದು ಈ ಕೆಲಸದ ನಿಯಮ. ಏನಾದರೂ ಕೆಟ್ಟರೆ ಜನ ಅಲ್ಲಿಗೆ ದೂರು ಬರೆಯಬೇಕು. ಅಲ್ಲಿಯವರೆಗೆ ಯಾರೂ ಬರೆದಿರಲಿಲ್ಲ. ಈ ಪತ್ರ ಬರೆದವರು ನಮ್ಮ ಮಾನ್ವಿ ಶಾಲೆಯಲ್ಲಿ ಕ್ಲರ್ಕ್ ಆಗಿದ್ದ ಒಬ್ಬ ಹೆಣ್ಣುಮಗಳು. "ಪೋಸ್ಟ್‌ಮಾಸ್ಟರ್ ಸಾಹೇಬ್ರ, ದೇವದುರ್ಗಕ್ಕ ಹಾಕಿದ್ದು ತಿರುಗಿ ನನ್ನ ಕಡಿಗೇ ಬರಾಕತ್ತದ. ನನ್ನದೇನ್ ತಪ್ಪಾಗೇದ ಹೇಳ್ರಿ."

ನೋಡಿದೆ. ತಪ್ಪು ಅವರದಲ್ಲ, ಊರಿನ ಹೆಸರಿನದು. ದೇವದುರ್ಗವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಇವರು ನಿಜಾಮರ ಕಾಲದವರು ಬರೆಯುತ್ತಿದ್ದಂತೆ 'ದೇಓದುರ್ಗ್' ಎಂದು ವಿಳಾಸ ಹಾಕಿದ್ದರು. ದಖನಿ ಉರ್ದು ಮಾತಾಡುವ ಅವರ ಮನೆಯಲ್ಲಿ ಊರಿನ ಹೆಸರು ಹೇಳುವುದೂ ಹಾಗೆಯೇ. ಯಂತ್ರಕ್ಕೆ ಒಂದಕ್ಷರ ಆಚೀಚೆಯಾದರೂ ಆಗದು. ಆ ಊರನ್ನು ಎಷ್ಟು ಥರ ಬರೆಯಬಹುದೋ ಅಷ್ಟೂ ಒಂದೇ ಟಪಾಲು ಡಬ್ಬಿಗೆ ಹೋಗುವಂತೆ ಮಾಡಿ ಉತ್ತರಿಸಿದೆ: "ಈಗ ಹೆಂಗರ ಬರೀರಿ, ಮುಟ್ಟತದ. ನಾ ಸಾಹೇಬ ಅಲ್ರಿ, ಹೆಣ್ಮಗಳು."

"ಯಾ ಅಲ್ಲಾ! ಮಾಫ್ ಮಾಡ್ರಿ ಅಕ್ಕಾರ" ಎಂದು ತಕ್ಷಣ ಬಂತು.

ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಆದರೂ ಅಕ್ಕಾರ ಎಂದೇ ಬರೆಯುತ್ತಿದ್ದರು, ನಾನು ಅವರ ಮಾತಿನಲ್ಲಿ ಅಕ್ಕನಿಗೆ ಹೇಳುವಂತೆ ಆಪಾ ಎನ್ನುತ್ತಿದ್ದೆ. ಅವರಿಗೆ ಕಿವಿ ಮಂದ, ಫೋನಿನಲ್ಲಿ ಮಾತು ಹತ್ತುತ್ತಿರಲಿಲ್ಲ. ಮನೆಯಲ್ಲಿದ್ದ ಒಂದು ಮೊಬೈಲು ಮಗನದು. ಹಾಗಾಗಿ ಶಾಲೆಯ ಕಂಪ್ಯೂಟರಿನಿಂದ ಬರೆಯುವ ಈಮೇಲೇ ನಮ್ಮ ಮಾತುಕತೆ. ಕಾಲುವೆಗೆ ನೀರು ಬಂತು, ಹೆಡ್‌ಮಾಸ್ತರರು ಇವತ್ತು ಸಿಟ್ಟಿನಲ್ಲಿದ್ದಾರೆ, ನಿನ್ನೆಯ ದಾಲಿಗೆ ಉಪ್ಪು ಹೆಚ್ಚಾಯಿತು, ಇಂಥವೇ. ನನ್ನ ಯಂತ್ರವನ್ನು ಅವರು ನನ್ನ ಗಂಡನನ್ನಾಗಿ ಮಾಡಿಬಿಟ್ಟಿದ್ದರು. "ನಿಮ್ಮ ಯಜಮಾನ್ರು ಇವತ್ತ ಆರಾಮ ಅದಾರೇನ್ರಿ?" ಎಂದು ಕೇಳುವರು. "ಜ್ವರ ಬಂದಾವ್ರಿ, ಫ್ಯಾನ್ ಕೆಟ್ಟದ" ಎಂದು ನಾನು. ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬಳೇ ಕೂತು ನಗುತ್ತಿದ್ದೆ. ಮಾನ್ವಿಗೆ ಬಸ್ಸು ಹತ್ತಿದರೆ ಮುಗಿಯಿತು, ಏನು ಮಹಾ ದೂರ? ಆದರೆ ಯಾವ ನೆಪ ಹೇಳಿ ಹೋಗುವುದು? ಅವರ ಮುಖವನ್ನೇ ನಾನು ನೋಡಿರಲಿಲ್ಲ.

ಆಮೇಲೆ ಒಂದು ದಿನ ಮ್ಯಾನೇಜರು ಬಾಗಿಲಲ್ಲೇ ನಿಂತು ಹೇಳಿದರು. "ಈ ತಿಂಗಳ ಕಡೀಗಿ ಇದನ್ನ ಬಂದ್ ಮಾಡ್ರಿ. ಮೇಲ್ ಎಲ್ಲಾ ಹೊರಗಿನ ಕಂಪನಿಗಿ ಕೊಟ್ಟೀವಿ. ನಿಮಗೂ ತ್ರಾಸ್ ಕಮ್ಮಿ ಆತಲ್ರಿ." ಹೊಸ ವಿಳಾಸ ಹೆಡ್‌ಮಾಸ್ತರರಿಗೆ, ಶಿಕ್ಷಕರಿಗೆ ಮಾತ್ರ, ಕ್ಲರ್ಕುಗಳಿಗೆ ಇಲ್ಲ. ನನಗೆ ಪರೀಕ್ಷಾ ವಿಭಾಗದಲ್ಲಿ ಒಂದು ಕುರ್ಚಿ. ಯಂತ್ರ ಹೋಗುವುದಕ್ಕೆ ನನಗೆ ಅಷ್ಟು ಸಂಕಟವಾಗಲಿಲ್ಲ. ಸಂಕಟವಾದದ್ದು ಅದರ ಜೊತೆ ಆಪಾನೂ ಹೋಗಿಬಿಡುತ್ತಾರಲ್ಲ ಎಂದು. ಒಮ್ಮೆಯಾದರೂ ಅವರನ್ನು ಕಣ್ಣಾರೆ ನೋಡಬೇಕು ಎನಿಸಿತು.

ಶುಕ್ರವಾರ ಸಂಜೆ ಬರೆದೆ: "ಆಪಾ, ಈ ಮಷಿನ್ ಬಂದ್ ಆಗತದ. ಐತವಾರ ನಮ್ಮ ಮನಿಗಿ ಊಟಕ್ಕ ಬರ್ರಿ. ಇಲ್ಲ ಅನಬ್ಯಾಡ್ರಿ." ಮನೆಯ ಗುರುತನ್ನೂ ಬರೆದೆ. ಶನಿವಾರ ಅವರಿಂದ ಒಂದೇ ಸಾಲು ಬಂತು. "ಆಯ್ತ್ರಿ ಅಕ್ಕಾರ, ಬರ್ತೀನ್ರಿ."

ಕುಣಿಯುವುದೊಂದು ಬಾಕಿ. "ಎಷ್ಟೊತ್ತಿಗಿ ಬರ್ತೀರಿ ಆಪಾ?" ಎಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ತಯಾರಿಯಲ್ಲಿರಬೇಕು ಎಂದುಕೊಂಡೆ.

ಭಾನುವಾರ ಎದ್ದವಳೇ ಎಣ್ಣೆಗಾಯಿ ಮಾಡಿದೆ, ಜೋಳದ ರೊಟ್ಟಿ ಬಡಿದೆ, ಹೋಳಿಗೆಯನ್ನೂ ಬಿಡಲಿಲ್ಲ. ಮನೆಯಲ್ಲಿ ಎರಡನೆಯ ಕುರ್ಚಿ ಇರಲಿಲ್ಲ. ಮನೆ ಮಾಲಕಿಯ ಹತ್ತಿರ ಕೇಳಲು ಹೋದರೆ, "ಯಾರ್ ಬರಾಕತ್ಯಾರವ್ವಾ?" ಎಂದರು. "ನಮ್ಮೋರ್ರಿ" ಎಂದೆ. ಹಾಗೆ ಹೇಳಿ ಎಷ್ಟು ಕಾಲವಾಗಿತ್ತೋ. ಮಧ್ಯಾಹ್ನವಾದರೂ ಬರಲಿಲ್ಲ. ದಾರಿ ಕೇಳಿದರೂ ಅವರಿಗೆ ಉತ್ತರ ಕೇಳಿಸುವುದಿಲ್ಲವಲ್ಲ ಎಂದು ಬಿಸಿಲಲ್ಲಿ ಬಸ್‌ಸ್ಟ್ಯಾಂಡಿಗೆ ಹೋದೆ. ಮಾನ್ವಿ ಬಸ್ಸು ಬಂದಾಗಲೆಲ್ಲ ಇಳಿಯುವ ಹೆಂಗಸರ ಮುಖ ಹುಡುಕಿದೆ. ಒಬ್ಬಾಕೆ ನಿಂತು, "ಯಾರ್ ಬೇಕಾಗಿತ್ರಿ?" ಎಂದರು. ಹುಡುಕುತ್ತಿದ್ದ ಮುಖ ನನಗೇ ಗೊತ್ತಿರಲಿಲ್ಲ. ಮನೆಗೆ ಬಂದಾಗ ಮಾಲಕಿ ಬಾಗಿಲಲ್ಲೇ ಇದ್ದರು. "ಬರಲಿಲ್ಲೇನು?"

"ಬಸ್ ಸಿಗಲಿಲ್ಲಂತ್ರಿ" ಎಂದು ಕುರ್ಚಿ ವಾಪಸು ಕೊಟ್ಟೆ. ಬರ್ತೀನಿ ಎಂದು ಹೇಳಿ ಬರದವರ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು.

ಸೋಮವಾರ ಮಾನ್ವಿ ಶಾಲೆಗೆ ಫೋನು ಮಾಡಿದೆ. ಜವಾನ ಎತ್ತಿದ. "ಆ ಬಾಯಾರು ಶನಿವಾರನ ಕೆಲಸ ಬಿಟ್ರಲ್ರಿ. ಸೊಲ್ಲಾಪುರದಾಗ ಮಗಳ ಮನಿಗಿ ಹೋದ್ರು, ಮನಿಮಂದಿ ಎಲ್ಲಾರೂ. ರಾಜೀನಾಮಿ ನಿಮ್ಮ ಹೆಡ್ಡಾಫೀಸಿಗೇ ಬಂದಿತ್ತಲ್ರಿ, ನಿಮಗ ಗೊತ್ತಿಲ್ಲೇನು?" ಮಗನ ನಂಬರು ಕೊಟ್ಟ. ಅದು ಹತ್ತಲಿಲ್ಲ.

ಆಗ ಯಂತ್ರದಲ್ಲಿ ಅವರ ಡಬ್ಬಿ ತೆಗೆದು ನೋಡಿದೆ. ಶಾಲೆಯ ಕಂಪ್ಯೂಟರಿನಲ್ಲಿ ಕಳಿಸುವುದಕ್ಕೊಂದು ಗುಂಡಿ, ಬಂದದ್ದನ್ನು ತರಿಸಿಕೊಳ್ಳುವುದಕ್ಕೊಂದು ಗುಂಡಿ. ತರಿಸಿಕೊಂಡರೆ ಡಬ್ಬಿ ಖಾಲಿಯಾಗುತ್ತದೆ. ಅಲ್ಲಿ ನನ್ನ ಎರಡು ಪತ್ರ ಹಾಗೆಯೇ ಕೂತಿದ್ದವು. ಊಟಕ್ಕೆ ಕರೆದದ್ದನ್ನು ಅವರು ಓದಿಯೇ ಇರಲಿಲ್ಲ. ಹೆಡ್ಡಾಫೀಸಿನವಳಿಗೆ ಎಲ್ಲ ಗೊತ್ತಿರುತ್ತದೆ ಎಂದುಕೊಂಡು ಹೊರಡುವ ಮೊದಲು ಒಂದು ಸಾಲು ಕಳಿಸಿ ಎದ್ದಿದ್ದರು.

ಹೋಗುವವರು ಹೋಗುತ್ತೇನೆ ಎನ್ನಬಾರದು, ಬರ್ತೀನಿ ಎನ್ನಬೇಕು. ನಾನೂ ಹುಟ್ಟಿದಾಗಿನಿಂದ ಹಾಗೆಯೇ ಅಂದವಳು. ಎದುರಿಗಿದ್ದರೆ ಮನುಷ್ಯರು ಎದ್ದು ನಿಂತದ್ದು, ಚೀಲ ಹೆಗಲಿಗೇರಿಸಿದ್ದು ಕಾಣುತ್ತದೆ. ಈಮೇಲಿನಲ್ಲಿ ಅದೆಲ್ಲಿ ಕಾಣಬೇಕು? ಅವರು ಹೋಗುತ್ತೇನೆ ಎಂದಿದ್ದರು. ನಾನು ಎಷ್ಟೊತ್ತಿಗೆ ಬರುತ್ತೀರಿ ಎಂದು ಕೇಳಿದ್ದೆ.

ತಿಂಗಳ ಕೊನೆಯ ದಿನ ಹೆಡ್‌ಮಾಸ್ತರರ, ಶಿಕ್ಷಕರ ಡಬ್ಬಿಗಳನ್ನು ಹೊಸ ಕಡೆಗೆ ಕಳಿಸಿದೆ. ಆಪಾ ಅವರದು ಎಲ್ಲಿಗೂ ಹೋಗುವಂಥದ್ದಲ್ಲ. ಬರ್ತೀನಿ ಎಂದವರನ್ನು ನಮ್ಮಲ್ಲಿ ಸುಮ್ಮನೆ ಕಳಿಸುವುದಿಲ್ಲ. ಉಳಿದವರು ಒಂದು ಮಾತು ಹೇಳಬೇಕು. "ಹೂಂನ್ರಿ ಆಪಾ, ಬರ್ರಿ" ಎಂದು ಅವರ ವಿಳಾಸಕ್ಕೆ ಬರೆದು ಕಳಿಸಿದೆ. ತಲುಪಿತು ಎಂದು ಯಂತ್ರ ಒಂದು ಸಾಲು ಗುರುತು ಹಾಕಿಕೊಂಡಿತು. ಅಳು ಬಂತು, ಅತ್ತೆ. ಆಮೇಲೆ ಯಂತ್ರವನ್ನು ಬಂದ್ ಮಾಡಿದೆ.