ಉಳಿದುಹೋದ ಒಂದು ಕಾರ್ಡು

ಕಳೆದ ಗುರುವಾರ ಮಧ್ಯಾಹ್ನ ನನ್ನ ಕೈಯಲ್ಲಿ ಒಂದು ಕಾರ್ಡು ಹೆಚ್ಚಿಗೆ ಉಳಿಯಿತು. ಇಸ್ಪೀಟಿನದಲ್ಲ, ಕಂಪ್ಯೂಟರಿಗೆ ಅಂಕಿ ಓದಿಸಲು ತೂತು ಹೊಡೆಯುತ್ತೇವಲ್ಲ, ಆ ಕಾರ್ಡು. ಇಸ್ಪೀಟಿನದಾಗಿದ್ದರೆ ನಾನು ಬೀದಿಯಲ್ಲಿ ಹಾಗೆ ಓಡುತ್ತಿರಲಿಲ್ಲ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಗಾಂಧಿ ಬಜಾರಿನ ಮಹಡಿಯೊಂದರಲ್ಲಿ ಕೂತು, ಯಾರೋ ಕಟ್ಟುವ ಚಾವಣಿಗೆ ಎಲ್ಲೆಲ್ಲಿ ಎಷ್ಟು ಕಬ್ಬಿಣ ಬೇಕು ಅಂತ ಲೆಕ್ಕ ಹಾಕುವುದು. ಈ ಸಲದ್ದು ಚಾಮರಾಜಪೇಟೆಯ ಒಂದು ಕಲ್ಯಾಣ ಮಂಟಪದ ಬಾಗಿದ ಚಾವಣಿ. ಅದನ್ನು ಕಾಗದದ ಮೇಲೆ ಬಲೆಯ ಹಾಗೆ ಇನ್ನೂರ ನಲವತ್ತು ತ್ರಿಕೋನಗಳಾಗಿ ಒಡೆದಿದ್ದೆ. ಅಂಚಿನಲ್ಲಿ ದಪ್ಪ, ನಡುವೆ ತೆಳು. ಹಾಗಾಗಿ ಪ್ರತಿ ತ್ರಿಕೋನಕ್ಕೂ ಅದರದೇ ದಪ್ಪ.

ಆದರೆ ತ್ರಿಕೋನಗಳ ಕಾರ್ಡು ಒಂದು ಕಟ್ಟು, ದಪ್ಪದ ಕಾರ್ಡು ಇನ್ನೊಂದು ಕಟ್ಟು. ಇದರದ್ದು ಅದು ಅಂತ ಮಿಷಿನ್ನಿಗೆ ಹೇಗೆ ಗೊತ್ತಾಗಬೇಕು? ಸಾಲಿನಿಂದ, ಅಷ್ಟೇ. ನೂರನೇ ತ್ರಿಕೋನಕ್ಕೆ ನೂರನೇ ಕಾರ್ಡಿನ ದಪ್ಪ. ರೇಷನ್ ಅಂಗಡಿ ಮುಂದೆ ನಾವು ಚೀಲ ಇಟ್ಟು ಬರುತ್ತೇವಲ್ಲ, ಹಾಗೆ. ಮುಂದೆ ಯಾರೋ ಒಂದು ಖಾಲಿ ಚೀಲ ತೂರಿಸಿದರೆ ಎಲ್ಲರ ಸರದಿಯೂ ಹೋಯಿತು.

ಅವತ್ತು ಕಾರ್ಡುಗಳನ್ನು ಬೀರುವಿಗೆ ಸೇರಿಸುವ ಮುಂಚೆ, ಪ್ರಿಂಟೌಟಿನ ಜೊತೆ ತಾಳೆ ನೋಡುತ್ತಿದ್ದೆ. ಪ್ರಿಂಟೌಟಿನಲ್ಲಿ ದಪ್ಪದ ಪಟ್ಟಿ ಮುಗಿಯಿತು. ಕಾರ್ಡು ಮುಗಿಯಲಿಲ್ಲ. (ಮೊದಲೇ ಯಾಕೆ ನೋಡಲಿಲ್ಲ ಅಂತೀರಾ? ನಮ್ಮೆಜಮಾನರೂ ಅದನ್ನೇ ಕೇಳಿದರು. ಅವರ ಜೊತೆ ಮಾತು ಬಿಟ್ಟಿದ್ದೇನೆ.)

ಕಟ್ಟಿನ ಮೊದಲ ಕಾರ್ಡು ತೆಗೆದೆ. ಅಂಕಿ ಇಲ್ಲ, ಪೂರ್ತಿ ಖಾಲಿ. ಬಲತುದಿಯಲ್ಲಿ ಮಾತ್ರ ಇಂಗ್ಲಿಷಿನಲ್ಲಿ ಪುಟ್ಟದಾಗಿ ‘ಶ್ರೀ’.

“ಏನ್ರೀ ಸರೋಜಾ ಇದು?” ಅಂತ ಕಿರುಚಿದೆ. ನಮ್ಮ ಕಾರ್ಡುಗಳಿಗೆಲ್ಲ ತೂತು ಹೊಡೆಯುವವರು ಆಕೆಯೇ.

“ನೀವೇ ಹಾಳೆ ಮೇಲೆ ಬರ್ದಿದ್ರಲ್ಲ ಮೇಡಂ? ದೇವ್ರ ಹೆಸ್ರು, ಬಿಡೋಕಾಗತ್ತಾ? ಮಿಷಿನ್ನಿಗೂ ತೊಂದ್ರೆ ಬೇಡ ಅಂತ, ಅದು ಓದದೇ ಇರೋ ತುದೀಲಿ ಹಾಕ್ದೆ.”

ಬರೆದಿದ್ದೆ. ಅಗಸರ ಪಟ್ಟಿಗೂ ಶ್ರೀ ಬರೆದು ಶುರು ಮಾಡುವ ಮನೆಯವಳು ನಾನು. ಬೇರೆ ಕಟ್ಟುಗಳಲ್ಲಿ ಮೊದಲ ಕಾರ್ಡು ಬರೀ ತಲೆಬರಹ ಅಂತ ಮಿಷಿನ್ ಬಿಟ್ಟುಬಿಡುತ್ತದೆ. ದಪ್ಪದ ಕಟ್ಟಿಗೆ ತಲೆಬರಹ ಇಲ್ಲ. ಖಾಲಿ ಕಾರ್ಡನ್ನು ಸೊನ್ನೆ ಅಂತ ಓದಿಕೊಂಡಿದೆ. ಮೊದಲ ತ್ರಿಕೋನಕ್ಕೆ ದಪ್ಪವೇ ಇಲ್ಲ, ಎರಡನೆಯದಕ್ಕೆ ಮೊದಲನೆಯದರ ದಪ್ಪ, ಹೀಗೇ ಇನ್ನೂರ ನಲವತ್ತೂ ಒಂದೊಂದು ಮನೆ ಸರಿದಿವೆ. ಮಿಷಿನ್ ತುಟಿಪಿಟಕ್ಕೆನ್ನಲಿಲ್ಲ.

ಆ ಲೆಕ್ಕ ನಂಬಿ ಕಬ್ಬಿಣ ಕಟ್ಟಿ, ಕಾಂಕ್ರೀಟ್ ಹಾಕಿಯೂ ಆಗಿತ್ತು. ಚಾವಣಿಯನ್ನು ಕೆಳಗಿನಿಂದ ಹೊತ್ತು ನಿಂತ ಸೆಂಟ್ರಿಂಗ್ ಆಸರೆಗಳನ್ನು ಬಿಚ್ಚುವುದು ಯಾವತ್ತು? ಅದೇ ಗುರುವಾರ, ಊಟವಾದ ಮೇಲೆ!

ಅಲ್ಲಿ ಫೋನಿಲ್ಲ. ಆಟೋದವನು ಚಾಮರಾಜಪೇಟೆಗೆ ಬರಲ್ಲ ಅಂದ. ಸೆರಗು ಸಿಕ್ಕಿಸಿಕೊಂಡು ಓಡಿದೆ. ದಾರಿಯುದ್ದಕ್ಕೂ ಕಿವಿ ಒಂದೇ ಸದ್ದಿಗೆ ಕಾದಿತ್ತು. ದೂರದಲ್ಲಿ ಲಾರಿಯೊಂದು ಕಲ್ಲು ಸುರಿದಾಗ ಚಾವಣಿಯೇ ಬಿತ್ತು ಅಂದುಕೊಂಡು ಇನ್ನೂ ಜೋರಾಗಿ ಓಡಿದೆ.

ಮಂಟಪ ನಿಂತಿತ್ತು. ಒಳಗೆ ಧಡ್ ಧಡ್ ಅಂತ ಸುತ್ತಿಗೆ. ಅಂಚಿನ ಏಳೆಂಟು ಆಸರೆಗಳು ಆಗಲೇ ನೆಲದ ಮೇಲಿದ್ದವು. ಉಳಿದವುಗಳ ನಡುವೆ ಹನ್ನೊಂದು ಜನ.

“ಹೊರಗ್ ಬನ್ನಿ! ಎಲ್ಲಾ ಬಿಟ್ಟು ಹೊರಗ್ ಬನ್ನಿ!”

ಮೇಸ್ತ್ರಿ ಮುನಿಯಪ್ಪ ನಿಧಾನವಾಗಿ ಬಂದ. “ಯಾಕಮ್ಮಾ, ಲೆಕ್ಕ ಕಂಪ್ಯೂಟ್ರು ಮಾಡಿದ್ದಲ್ವಾ? ಅದು ತಪ್ಪು ಮಾಡ್ತದಾ?”

“ಅದು ಮಾಡಲ್ಲಪ್ಪ. ನಾನು ಮಾಡಿದೀನಿ.”

ಅವನು ಒಮ್ಮೆ ಚಾವಣಿ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಎಲ್ಲರನ್ನೂ ಹೊರಗೆ ಕಳಿಸಿ, ಬಿಚ್ಚಿದ ಆಸರೆಗಳನ್ನು ಅವನೊಬ್ಬನೇ ಒಳಗೆ ಹೋಗಿ ಮತ್ತೆ ನಿಲ್ಲಿಸಿದ. ಅಷ್ಟು ಹೊತ್ತೂ ನಾನು ಬಾಗಿಲಲ್ಲೇ ನಿಂತಿದ್ದೆ.

ಶನಿವಾರ ಹೊಸ ಲೆಕ್ಕ ಬಂತು. ಎರಡು ಕಡೆ ಕಬ್ಬಿಣ ಸಾಲದು, ಚಾವಣಿ ತಡೆಯುತ್ತಿರಲಿಲ್ಲ. ಈಗ ಅಲ್ಲಿ ಎರಡು ಕಂಬ ಏಳುತ್ತಿವೆ. ಹನ್ನೊಂದು ಜನರೂ ಮನೆಗೆ ಹೋಗಿ ಊಟ ಮಾಡಿ ಮಲಗಿದ್ದಾರೆ. ನನಗೆ ಮಾತ್ರ ನಿದ್ದೆ ಇಲ್ಲ.

ಯಾಕೆಂದರೆ ಇಂಥ ಚಾವಣಿ ಇದಕ್ಕೂ ಮುಂಚೆ ನಾಲ್ಕು ಮಾಡಿದ್ದೇನೆ. ಅವಕ್ಕೂ ಶ್ರೀ ಬರೆದೇ ಶುರು ಮಾಡಿದ್ದೆ, ಕಾರ್ಡುಗಳು ತಾಳೆ ನೋಡದೆಯೇ ಬೀರು ಸೇರಿವೆ. ನಾಳೆ ಬೆಳಿಗ್ಗೆ ಸರೋಜಾ ಬಂದ ಕೂಡಲೇ ತೆಗೆಯುತ್ತೇವೆ. ಅಷ್ಟರೊಳಗೆ ಒಂದು ಮಾತು ಹೇಳಿ, ಇದನ್ನು ನೀವು ಯಾವ ಚಾವಣಿಯ ಕೆಳಗೆ ಕೂತು ಓದುತ್ತಿದ್ದೀರಿ?